ಎಂಟನೆಯ ದಿನ ಮರಳಿದ ಹಾಡು

ಪ್ರಮೀಳಾ ಪುರಭವನದಲ್ಲಿ ನನ್ನ ಹೆಸರನ್ನು ನುಡಿಸಿದ ಭಾನುವಾರ ನಾನು ಮುಂದಿನಿಂದ ನಾಲ್ಕನೆಯ ಸಾಲಿನಲ್ಲಿ, ಗಂಡನ ಪಕ್ಕದಲ್ಲಿ ಕೂತಿದ್ದೆ. ನುಡಿಸಿದಳು ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಅವಳು ಆ ಹೆಸರನ್ನು ಕರೆಯಲೂ ಇಲ್ಲ, ಹಾಡಲೂ ಇಲ್ಲ. ಸಭೆಗೆ ಬೆನ್ನು ಮಾಡಿ ಕೂತು, ಒಂದು ಕೈಯಲ್ಲಿ ಸೈಕಲ್ಲಿನ ಚಕ್ರದ ಕಡ್ಡಿಗಳ ಮೇಲೆ ಪಿಟೀಲಿನ ಕಮಾನು ಎಳೆಯುತ್ತ, ಇನ್ನೊಂದು ಕೈಯಲ್ಲಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು. ಮೊದಲು ಹೆಂಗಸರ ಅಳು ಬಂತು. ಒಂದಲ್ಲ, ಹತ್ತಿಪ್ಪತ್ತು, ಒಂದರ ಮೇಲೊಂದು ಹೊದಿಸಿದ ಹಾಗೆ. ಆಮೇಲೆ ಅದರೊಳಗಿಂದ ಒಂದು ಹೆಣ್ಣುದನಿ ಎದ್ದು "ಅಂ... ಬುಜಾ... ಕ್ಷೀ..." ಎಂದಿತು. ಅದು ನನ್ನ ಹೆಸರು. ದನಿಯೂ ನನ್ನದೇ.

ನಮ್ಮೂರಿನಲ್ಲಿ ಯಾವ ಸದ್ದಾದರೂ ಎಂಟನೆಯ ದಿನ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಇನ್ನೊಂದು ಸಲ ಕೇಳಿಸುತ್ತದೆ. ಇನ್ನೊಂದೇ ಸಲ, ಒಗೆದ ಸೀರೆಯ ಬಣ್ಣದಷ್ಟು ಮಾಸಿ. ಆಮೇಲೆ ಇಲ್ಲ. ಶಾಲೆಯ ಮಕ್ಕಳು ಹೋದ ಸೋಮವಾರದ ಮಗ್ಗಿಯನ್ನು ಈ ಸೋಮವಾರ ಕೂತು ಒಪ್ಪಿಸಿಕೊಳ್ಳುತ್ತಾರೆ. ಹೆಣ್ಣು ಕೊಡುವ ಮನೆಯವರು ಗಂಡಿನ ಮನೆಯಲ್ಲಿ ಒಂದು ಇಡೀ ದಿನ ಸುಮ್ಮನೆ ಕೂತು, ಆ ಮನೆಯಲ್ಲಿ ಹೋದ ವಾರ ಎಂಥ ಮಾತು ನಡೆದಿತ್ತೆಂದು ಕೇಳಿಸಿಕೊಂಡ ಮೇಲೇ ತಾಂಬೂಲ ಹಿಡಿಯುವುದು. ಹಾಗಾಗಿ ಗಂಡಿನ ಮನೆಯವರೂ ಒಂದು ವಾರ ಮುಂಚಿನಿಂದ ಒಬ್ಬರನ್ನೊಬ್ಬರು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಾರೆ. ಪುರಭವನದಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಮುಂದಿನ ವಾರದವರ ಭಾಷಣಕ್ಕೆ ಅದು ಬೇಡದ ಕಡೆ ಬಂದು ಬೀಳುತ್ತದೆ. ಗಂಡಹೆಂಡಿರು ಜಗಳವಾಡಬೇಕೆಂದರೆ ಬಾಗಿಲು ಎಳೆದುಕೊಂಡು ರಸ್ತೆಗೆ ಇಳಿದು, ಬೇಗಬೇಗ ನಡೆಯುತ್ತ ಆಡುತ್ತಾರೆ. ನಡೆಯುತ್ತ ಆಡಿದ ಮಾತು ದಾರಿಯುದ್ದಕ್ಕೂ ಚೂರುಚೂರಾಗಿ ಉದುರಿರುತ್ತದೆ. ಅದನ್ನು ಆಯ್ದು ಜೋಡಿಸುವಷ್ಟು ಪುರುಸೊತ್ತು ಯಾರಿಗಿದೆ. ಸಂಜೆ ನಮ್ಮೂರಿನ ರಸ್ತೆಗಳನ್ನು ನೋಡಿದ ಹೊರಗಿನವರು, ಎಷ್ಟು ಅನ್ಯೋನ್ಯವಾಗಿ ವಾಯುಸೇವನೆಗೆ ಹೋಗುತ್ತಾರೆ ಇಲ್ಲಿನ ದಂಪತಿಗಳು ಎಂದುಕೊಳ್ಳುತ್ತಾರಂತೆ.

ಅಳುವುದಕ್ಕೆ ಮಾತ್ರ ನಡೆದರೆ ಆಗುವುದಿಲ್ಲ. ಅದಕ್ಕೆ ಒಂದು ಕಡೆ ಕೂರಬೇಕು. ಊರಾಚೆ ಒಂದು ಹೆಂಚಿನ ಕಾರ್ಖಾನೆ ಇತ್ತು, ಮುಚ್ಚಿ ಬಹಳ ವರ್ಷವಾಗಿತ್ತು. ಅದರ ಉಗ್ರಾಣ ಇನ್ನೂ ನಿಂತಿತ್ತು. ಹೆಂಗಸರು ಅಲ್ಲಿಗೆ ಹೋಗುತ್ತಿದ್ದರು. ಮನೆಯಲ್ಲಿ "ಹೆಂಚಿನ ಪುಡಿ ತರ್ತೀನಿ" ಎನ್ನುವುದು, ಪಾತ್ರೆ ತಿಕ್ಕುವುದಕ್ಕೆ. ತರುತ್ತಲೂ ಇದ್ದೆವು. ಯಾರ ಮನೆಯ ಕೊಳಗ ಕನ್ನಡಿಯ ಹಾಗೆ ಹೊಳೆಯುತ್ತದೋ ಆ ಮನೆಯವಳನ್ನು ನಾವು ಕೊಂಚ ಮೆತ್ತಗೆ ಮಾತಾಡಿಸುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ಯಾರೂ ಹಂಚಿದ್ದಲ್ಲ, ಹೇಗೋ ಹಂಚಿಕೊಂಡಿತ್ತು. ನನ್ನದು ಗುರುವಾರ ಮೂರು ಗಂಟೆ. ಹೋಗಿ ಕೂತರೆ ಮೊದಲು ನಮ್ಮ ಹೋದ ವಾರದ ಅಳು ಕೇಳಿಸುತ್ತದೆ. ಕೆಲವು ದಿನ ಅಷ್ಟೇ ಸಾಕಾಗಿ, ಹೊಸದಾಗಿ ಅಳದೆ ಎದ್ದು ಬಂದವರಿದ್ದಾರೆ.

ನಾನು ಅಳುತ್ತಿರಲಿಲ್ಲ. ನನ್ನ ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಪುರಸಭೆಯಲ್ಲಿ ಗುಮಾಸ್ತ, ಶಂಭುಲಿಂಗ ಎಂದು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನು ನನ್ನನ್ನು "ಇವಳೇ" ಎಂದೇ ಕರೆದದ್ದು. ಅತ್ತೆಗೆ ನಾನು "ಅವಳು". ಹೊಲಿಸಿಕೊಳ್ಳಲು ಬರುವವರಿಗೆ "ಟೈಲರಮ್ಮ". ತವರಿನಲ್ಲಿ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಒಂದು ದಿನ ಆ ಉಗ್ರಾಣದಲ್ಲಿ ಅಳಲು ಕೂತವಳು, ಅಳು ಬಾರದೆ, ನನ್ನ ಹೆಸರನ್ನು ನಾನೇ ಜೋರಾಗಿ ಕೂಗಿದೆ. ಮುಂದಿನ ಗುರುವಾರ ಹೋದಾಗ ಯಾರೋ ನನ್ನನ್ನು ಹೆಸರು ಹಿಡಿದು ಕರೆದರು. ಅದು ನಾನೇ ಎಂದು ಗೊತ್ತಿದ್ದೂ ಬಾಗಿಲ ಕಡೆ ತಿರುಗಿ ನೋಡಿದ್ದೆ. ಅಂದಿನಿಂದ ಪ್ರತಿ ಗುರುವಾರ ಅಲ್ಲಿ ಒಂದು ಕರೆ ಬಿಟ್ಟು ಬರುತ್ತಿದ್ದೆ, ಮುಂದಿನ ವಾರಕ್ಕೆ ಇರಲಿ ಎಂದು.

ಪ್ರಮೀಳಾಳಿಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಇಲ್ಲಿಯೇ ಹುಟ್ಟಿದವಳಾದರೂ ಹನ್ನೆರಡರ ಪ್ರಾಯದಲ್ಲಿ ಊರು ಬಿಟ್ಟಿದ್ದಳು. ಹೆಂಚಿನ ಪುಡಿಯ ಗುಟ್ಟು ಹೆಣ್ಣುಮಕ್ಕಳಿಗೆ ತಿಳಿಯುವ ವಯಸ್ಸಲ್ಲ ಅದು. ದೊಡ್ಡ ಊರುಗಳಲ್ಲಿ ಹೆಸರು ಮಾಡಿ, ನಲವತ್ತೈದಾದ ಮೇಲೆ ತಂದೆ ಬಿಟ್ಟುಹೋದ ಮನೆಗೆ ವಾಪಸು ಬಂದಿದ್ದಳು. ಗರಗಸ, ನೀರು ತುಂಬಿದ ಹಂಡೆ, ತುಕ್ಕು ಹಿಡಿದ ಗೇಟು, ಅವಳಿಗೆ ಎಲ್ಲವೂ ವಾದ್ಯ. ತಾಳ ಇಲ್ಲ, ರಾಗ ಇಲ್ಲ, ಪಲ್ಲವಿ ಮೊದಲೇ ಇಲ್ಲ. ಒಂದು ಸದ್ದನ್ನು ಎರಡನೆಯ ಸಲ ಬಳಸಬಾರದು ಎನ್ನುವುದು ಅವಳ ವ್ರತ. "ಊರೇ ಎಲ್ಲಾನೂ ಎರಡು ಸಲ ಹೇಳುತ್ತೆ, ಮತ್ತೆ ನಾನೂ ಯಾಕೆ ಹೇಳ್ಲಿ" ಎನ್ನುತ್ತಿದ್ದಳು. ನಮ್ಮೂರಿನ ಶ್ರೋತೃಬಳಗದವರಿಗೆ ಅವಳೆಂದರೆ ಹೆಮ್ಮೆ. ಅರ್ಥವಾಗದ್ದನ್ನು ಕದಲದೆ ಕೂತು ಕೇಳುವುದು ಸಣ್ಣ ಸಾಧನೆಯಲ್ಲ.

ಗೌರಿಹಬ್ಬದ ವಾರ ಯಾವ ಹೆಂಗಸೂ ಮನೆ ಬಿಟ್ಟು ಕದಲುವ ಹಾಗಿರುವುದಿಲ್ಲ. ಆ ವಾರ ಪ್ರಮೀಳಾ ಹೊಸ ಸದ್ದು ಹುಡುಕುತ್ತ ಉಗ್ರಾಣಕ್ಕೆ ಹೋಗಿದ್ದಾಳೆ. ಒಳಗೆ ನರಪಿಳ್ಳೆಯಿಲ್ಲ, ಆದರೆ ಹೊತ್ತುಹೊತ್ತಿಗೆ ಅಳು. ಏಳು ದಿನವೂ ಅಲ್ಲಿ ಯಂತ್ರ ಇಟ್ಟುಕೊಂಡು ಹಿಡಿದಿದ್ದಾಳೆ. ಯಾರದು ಎಂದು ಯಾರನ್ನೂ ಕೇಳಲಿಲ್ಲ. ಗಾಳಿ ಯಾರದು ಎಂದು ಕೇಳುತ್ತೇವೆಯೆ.

ಪುರಭವನದಲ್ಲಿ ಅಂದು ಒಬ್ಬೊಬ್ಬ ಹೆಂಗಸೂ ತನ್ನ ದನಿ ಬಂದಾಗ ಸೆರಗು ಎಳೆದುಕೊಂಡು ಗೋಡೆ ನೋಡುತ್ತಿದ್ದಳು. ಅಳುವಿಗೆ ಹೆಸರಿರುವುದಿಲ್ಲ, ಅವರೆಲ್ಲ ಹೇಗೋ ಬಚಾವಾದರು. ನನ್ನದರಲ್ಲಿ ಹೆಸರೇ ಇತ್ತು. ಅದನ್ನು ಅವಳು ಎಳೆದಳು, ತುಂಡು ಮಾಡಿದಳು, ಹಿಂದುಮುಂದಾಗಿ ಓಡಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಂಭುಲಿಂಗ ಮಾತ್ರ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ಮಡಿಸಿ, ಮಡಿಸಿ, ಬೆರಳಿನಷ್ಟು ಮಾಡಿದ.

ಮನೆಯ ದಾರಿಯಲ್ಲಿ ಅವನು ಬಿರಬಿರನೆ ನಡೆದ. ನಾನೂ ಹಿಂದೆ ಬೀಳಲಿಲ್ಲ.

"ಅದನ್ನ ಯಾರು ಹಾಗೆ ಕೂಗಿದ್ದು?"

"ನಾನೇ."

ಎರಡು ವಿದ್ಯುತ್ ಕಂಬ ದಾಟಿದ ಮೇಲೆ, "ಯಾಕೆ?"

"ನೀವು ಕೂಗಲ್ಲವಲ್ಲ."

ಅವನು ಹಾಲಿನ ಡೈರಿಯನ್ನೂ ದಾಟಿ ನಡೆದ. "ನಿನಗೇನು ಕಡಿಮೆ ಮಾಡಿದೀನಿ ನಾನು?" ಎಂದದ್ದು ಮನೆಯ ಗೇಟಿನ ಹತ್ತಿರ. ಅಲ್ಲಿ ನಿಂತು ಆಡಿದ್ದರಿಂದ ಅದೊಂದು ಮಾತು ಮುಂದಿನ ಭಾನುವಾರ ಇಡಿಯಾಗಿ ವಾಪಸು ಬಂತು.

ಅದೇ ಭಾನುವಾರ ಪುರಭವನದಲ್ಲಿ ಪುರಸಭೆಯ ಅಧ್ಯಕ್ಷರ ಮಗಳ ಆರತಕ್ಷತೆ. ಗೊತ್ತುಮಾಡುವ ಮುಂಚೆ ಎಲ್ಲರೂ ಕೇಳುವ ಹಾಗೆ ಅವರೂ ಕೇಳಿದ್ದರು, ಹಿಂದಿನ ವಾರ ಅಲ್ಲಿ ಏನಿದೆ ಎಂದು. ಸಂಗೀತ ಎಂದು ಹೇಳಿದರಂತೆ. ಒಳ್ಳೆಯದೇ ಆಯಿತು, ವಾಲಗದ ಜೊತೆಗೆ ಅದೂ ಇರಲಿ ಎಂದುಕೊಂಡರು. ಹುಡುಗ ಹುಡುಗಿ ಹಾರ ಹಾಕಿಕೊಂಡು ನಿಂತ ಹೊತ್ತಿಗೆ ಸರಿಯಾಗಿ ಇಪ್ಪತ್ತು ಹೆಂಗಸರು ಅಳತೊಡಗಿದರು. ಹುಡುಗಿ ಹಾರ ಹಿಡಿದುಕೊಂಡು ಕಿವಿಗೊಟ್ಟು ಕೇಳುತ್ತಿದ್ದಳಂತೆ, ಏನೋ ವಿಳಾಸ ಹೇಳಿಕೊಡುತ್ತಿದ್ದಾರೆ ಎನ್ನುವ ಹಾಗೆ. ಎಲ್ಲಿಯ ಅಳು, ಯಾರ ಅಳು ಎನ್ನುವ ವಿಚಾರ ಗಂಡಸರ ನಡುವೆ ಅಂದೇ ಆಯಿತು. ಮರುದಿನ ಉಗ್ರಾಣಕ್ಕೆ ಬೀಗ ಬಿತ್ತು. ಮಾಡು ಶಿಥಿಲವಾಗಿದೆ, ಸಾರ್ವಜನಿಕರು ಪ್ರವೇಶಿಸಕೂಡದು ಎಂದು ಬೋರ್ಡು. ಆ ಬೋರ್ಡಿನ ಅಕ್ಷರ ನನ್ನ ಗಂಡನದೇ. ಬೀಗದ ಕೈಯೂ ಅವನ ಸುಪರ್ದಿಗೆ ಬಂದು, ನಮ್ಮ ನಡುಮನೆಯ ಮೊಳೆಗೆ ನೇತಾಡಿತು.

ಆ ಗುರುವಾರ ಮೂರು ಗಂಟೆಗೆ ನಾನು ಹೊಲಿಗೆ ಯಂತ್ರದ ಮುಂದೆ ಕೂತು ಆ ಬೀಗದ ಕೈಯನ್ನೇ ನೋಡುತ್ತಿದ್ದೆ. ನನ್ನನ್ನು ಕರೆಯುವವರು ಊರಾಚೆ ಬೀಗದೊಳಗೆ ಕರೆದು ಸುಮ್ಮನಾಗಿರುತ್ತಾರೆ ಎನಿಸಿತು. ಆಮೇಲೆ ಲೆಕ್ಕ ಹಾಕಿದೆ: ಹೋದ ಗುರುವಾರವೂ ನಾನು ಅಲ್ಲಿಗೆ ಹೋಗಿರಲಿಲ್ಲ. ಹಾಗಾದರೆ ಕರೆಯುವವರೇ ಇಲ್ಲ.

ಮರುದಿನ ಪ್ರಮೀಳಾಳ ಮನೆಗೆ ಹೋದೆ. ಹೋಗುವಾಗ ದಾರಿಯಲ್ಲಿ ಹೂ ಮಾರುವ ಕಾಶೀಬಾಯಿಯೂ ಬುಟ್ಟಿ ಇಳಿಸಿ ಜೊತೆಯಾದಳು. ಅರವತ್ತರ ಹೆಂಗಸು, ಅವಳ ಹೊತ್ತು ಮಂಗಳವಾರ ಬೆಳಗ್ಗೆ. ಬಾಗಿಲು ತೆರೆದ ಪ್ರಮೀಳಾಳನ್ನು ಅವಳು ಹೊಸ್ತಿಲಲ್ಲೇ ಕೇಳಿದಳು: "ಏನಮ್ಮಾ, ನಮ್ಮ ಅಳು ಚೆನ್ನಾಗಿ ಹಾಡ್ತಾ?"

ಪ್ರಮೀಳಾಳಿಗೆ ಅಷ್ಟರಲ್ಲಿ ಯಾರೋ ವಿಷಯ ಹೇಳಿದ್ದರು. "ನಾನು ತಪ್ಪು ಮಾಡಿದೆ" ಎಂದಳು. ಒಳಗೆ ಹೋಗಿ ಟೇಪುಗಳ ಡಬ್ಬಿ ತಂದು ಕಾಶೀಬಾಯಿಯ ಮುಂದೆ ಇಟ್ಟಳು. "ಎಲ್ಲಾ ಇದರಲ್ಲೇ ಇದೆ. ತಗೊಳ್ಳಿ."

"ಇದನ್ನ ತಗೊಂಡು ಏನು ಉಪ್ಪಿನಕಾಯಿ ಹಾಕ್ಲಾ? ನಮ್ಮ ಜಾಗ ಕೊಡು."

ನಾನು ಏನಾದರೂ ಅನ್ನಬೇಕೆಂದುಕೊಂಡೇ ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟು: "ನನ್ನ ಹೆಸರನ್ನ ಹಿಂದುಮುಂದು ಮಾಡಿದಿರಲ್ಲ, ಅದು ಯಾಕೆ?"

"ಕೇಳೋಕೆ ಚೆನ್ನಾಗಿತ್ತು" ಎಂದಳು ಪ್ರಮೀಳಾ. ಹೇಳಿದ ಮೇಲೆ ಅವಳೇ ಕಣ್ಣು ಮುಚ್ಚಿಕೊಂಡಳು.

ಅವಳ ಹಿತ್ತಿಲಲ್ಲಿ ತಗಡಿನ ಮಾಡಿನ ಒಂದು ದೊಡ್ಡ ಕೋಣೆ ಇತ್ತು. ಅದನ್ನು ತೆಗೆದುಕೊಳ್ಳಿ ಎಂದಳು. ಆದರೆ ಎಡಕ್ಕೆ ಮನೆ, ಬಲಕ್ಕೆ ಮನೆ. ಅತ್ತರೆ ಇಂದೂ ಕೇಳುತ್ತದೆ, ಎಂಟನೆಯ ದಿನವೂ ಕೇಳುತ್ತದೆ. ಪ್ರಮೀಳಾ ಮಂಚದ ಕೆಳಗಿಂದ ಒಂದು ಉದ್ದನೆಯ ಪೆಟ್ಟಿಗೆ ಎಳೆದಳು. ಧೂಳು ಕೊಡವಿದರೆ ಒಳಗೆ ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯಾವುದೋ ರಾಕ್ ತಂಡದಲ್ಲಿ ನುಡಿಸುತ್ತಿದ್ದದ್ದಂತೆ. "ಇದನ್ನ ಬಿಟ್ಟಿದ್ದಕ್ಕೇ ನನ್ನನ್ನ ದೊಡ್ಡವಳು ಅಂದಿದ್ದು" ಎಂದಳು. "ಇದರ ಗದ್ದಲದ ಕೆಳಗೆ ನೀವು ಏನು ಮಾಡಿದರೂ ಕೇಳಲ್ಲ. ಮುಂದಿನ ವಾರ ಗದ್ದಲವೂ ಜೊತೆಗೇ ಬರುತ್ತಲ್ಲ."

ಗಿಟಾರೊಂದೇ ಸಾಲದು ಎಂದು ಮುಚ್ಚಿಹೋದ ಬ್ಯಾಂಡ್ ಸೆಟ್ಟಿನವರಿಂದ ಡ್ರಮ್ಮುಗಳು ಬಂದವು. ಬಾರಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಕಾಶೀಬಾಯಿ ನನ್ನ ಕಾಲು ತೋರಿಸಿದಳು. "ಇವಳು ದಿನಾ ತುಳೀತಾಳೆ ನೋಡು." ನಿಜ, ದೊಡ್ಡ ಡ್ರಮ್ಮಿನ ಕೆಳಗಿನ ಪೆಡಲು ನನ್ನ ಹೊಲಿಗೆ ಯಂತ್ರದ್ದಕ್ಕೆ ಅಕ್ಕನ ಹಾಗಿತ್ತು. ಇಪ್ಪತ್ತು ವರ್ಷ ನಾನು ಹೊಲಿದದ್ದು ಹೋದ ವಾರದ ನನ್ನ ಜೊತೆಗೆ ಕೂತು. ಅವಳು ಅಲ್ಲೇ ಕಾಣದೆ ತುಳಿಯುತ್ತಿರುತ್ತಾಳೆ, ನಾನು ತಪ್ಪಿದರೆ ಎರಡೂ ಕಲಸಿ ತಲೆನೋವು ಬರುತ್ತದೆ. ಹಾಗಾಗಿ ನನ್ನ ಕಾಲು ತಾಳ ತಪ್ಪುವುದನ್ನೇ ಮರೆತಿತ್ತು.

ಪ್ರಮೀಳಾಳಿಗೆ ಮೊದಮೊದಲು ಅದೇ ಹಿಂಸೆ. "ಒಂದೇ ಥರ ಹೊಡೀಬೇಡಿ ಅಂಬುಜಾಕ್ಷಿ, ಸ್ವಲ್ಪ ಮುರೀರಿ" ಎನ್ನುವಳು. ಅವಳು ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಪ್ರತಿ ಸಲವೂ ನನಗೆ ಬೆನ್ನು ನೆಟ್ಟಗಾಗುತ್ತಿತ್ತು.

"ಹೊಲಿಗೆ ಒಂದೇ ಥರ ಬೀಳದೆ ಇದ್ರೆ ರವಿಕೆ ಬಿಚ್ಕೊಂಡ್ಬಿಡುತ್ತೆ" ಎಂದೆ.

ಅವಳು ನಕ್ಕು, ಮೂರೇ ಮೂರು ಸ್ವರದ ಗುಚ್ಛವನ್ನು ನನ್ನ ತಾಳಕ್ಕೆ ಕೂರಿಸಿದಳು. ತಗಡಿನ ಮಾಡು ಅದುರಿತು. ಆ ಅದುರುವಿಕೆಯ ಕೆಳಗೆ ಹೆಂಗಸರು ಬರತೊಡಗಿದರು. ಗೋಡೆಗೆ ಒರಗಿ, ಮೊಣಕಾಲಿನ ನಡುವೆ ಮುಖ ಇಟ್ಟು, ತಮ್ಮತಮ್ಮ ಕೆಲಸ ಮುಗಿಸಿ, ಕಣ್ಣು ಒರೆಸಿಕೊಂಡು ಹೋಗುವರು. ಹೊರಡುವಾಗ ಹೆಂಚಿನ ಪುಡಿಯ ಪೊಟ್ಟಣ ಬೇಕಲ್ಲ, ಅದನ್ನೂ ಪ್ರಮೀಳಾಳೇ ಕುಟ್ಟಿ ಇಡುತ್ತಿದ್ದಳು.

ಹೀಗೆ ಒಂದೆರಡು ತಿಂಗಳಾಗಿರಬೇಕು. ಒಂದು ಮಂಗಳವಾರ ಜೋರಾಗಿ ನುಡಿಸುತ್ತಿರುವಾಗ ಗಿಟಾರಿನ ತಂತಿ ಕಡಿದುಹೋಯಿತು. ಗದ್ದಲ ನಿಂತಿತು, ಕಾಶೀಬಾಯಿಯ ಬಾಯಿ ನಿಲ್ಲಲಿಲ್ಲ. ಅವಳು ಗೋಡೆಯ ಕಡೆ ತಿರುಗಿ, "ನಲವತ್ತು ವರ್ಷ ಬಡಿಸಿದೆ, ಉಂಡ್ಯಾ ಅಂತ ಒಬ್ಬರೂ ಕೇಳಲಿಲ್ಲ, ಉಂಡ್ಯಾ ಅಂತ ಒಬ್ಬರೂ ಕೇಳಲಿಲ್ಲ" ಎನ್ನುತ್ತಿದ್ದಳು. ನನ್ನ ಕಾಲು ಅಭ್ಯಾಸಬಲದಿಂದ ತುಳಿಯುತ್ತಲೇ ಇತ್ತು. ಅವಳ ಮಾತು ಬಂದು ಅದರ ಮೇಲೆ ಸರಿಯಾಗಿ ಕೂತಿತು, ಅಳತೆ ತೆಗೆದು ಹೊಲಿದ ತೋಳಿನ ಹಾಗೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ತಿಳಿದಾಗ ಅವಳು ಬೆಚ್ಚಿ ಬಾಯಿ ಮುಚ್ಚಿಕೊಂಡಳು.

"ಇನ್ನೊಂದು ಸಲ ಹೇಳಿ" ಎಂದಳು ಪ್ರಮೀಳಾ.

"ಯಾಕೆ, ಅದಕ್ಕೂ ಟೇಪು ಹಾಕ್ತೀಯಾ?"

"ಇಲ್ಲ. ನಾನು ನಿಮ್ಮ ಜೊತೆಗೆ ಹೇಳ್ತೀನಿ. ನೀವು ಒಪ್ಪಿದ್ರೆ."

ಕಾಶೀಬಾಯಿ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಪ್ರಮೀಳಾ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: "ನಿಲ್ಲಿಸಬೇಡಿ. ಸ್ವಲ್ಪ ನಿಧಾನ ಮಾಡಿ, ಒಳಗೆ ಬರೋರಿಗೆ ಜಾಗ ಆಗುತ್ತೆ." ಮಾಡಿದೆ. ಕಾಶೀಬಾಯಿ ಬಂದಳು.

ಅದೇ ಮೊದಲ ಹಾಡು. ಒಂದು ವ್ರತ ಮುರಿದವಳ ಹಾಗೆ ಪ್ರಮೀಳಾ ಅದಕ್ಕೆ ಪಲ್ಲವಿ ಇಟ್ಟಳು, ಅದನ್ನು ನಾಲ್ಕು ಸಲ ಹಾಡಿಸಿದಳು. ನಾನು ಕೇಳಿದೆ, ಎರಡು ಸಲ ಬಳಸಬಾರದು ಅಂತಿದ್ದಿರಲ್ಲ ಎಂದು. "ಊರು ಎರಡನೇ ಸಲ ಹೇಳಿ ಬಿಟ್ಟುಬಿಡುತ್ತೆ ಅಂಬುಜಾಕ್ಷಿ. ಆಮೇಲೆ ಅದು ಎಲ್ಲೂ ಇರಲ್ಲ. ಮೂರನೇ ಸಲ ಯಾರಾದರೂ ಬಾಯಲ್ಲೇ ಹೇಳ್ಬೇಕು. ಪಲ್ಲವಿ ಇರೋದು ಅದಕ್ಕೆ ಅಂತ ನನಗೆ ಈಗ ಗೊತ್ತಾಗ್ತಿದೆ" ಎಂದಳು. ಎರಡನೆಯ ಹಾಡು ನನ್ನದು. ಅದರಲ್ಲಿ ಮಾತೇ ಕಡಿಮೆ. ಒಬ್ಬಳು ಇನ್ನೊಬ್ಬಳ ಹೆಸರು ಕೂಗುವುದು, ಉಳಿದವರೆಲ್ಲ "ಓ" ಎನ್ನುವುದು. ಅಷ್ಟೇ. ಅಕ್ಷರ ಬಾರದವರೂ ಒಂದು ಸಲಕ್ಕೆ ಕಲಿತರು.

ಶ್ರೋತೃಬಳಗದ ಅಧ್ಯಕ್ಷರು ವೆಂಕಟಾಚಲಯ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಒಂದು ದಿನ ಛತ್ರಿ ಹಿಡಿದು ಬಂದರು. ಬಾಗಿಲಲ್ಲೇ ನಿಂತು ಒಂದು ಹಾಡು ಪೂರ್ತಿ ಕೇಳಿದರು.

"ಏನಮ್ಮ ಇದು ಪ್ರಮೀಳಾ. ನಾಲ್ಕು ನಾಲ್ಕು ಎಣಿಸೋ ತಾಳ. ಅದೇ ಮೂರು ಸ್ವರ. ಇದನ್ನ ಯಾರು ಬೇಕಾದ್ರೂ ಹಾಡ್ತಾರೆ."

"ಹೌದು ಸಾರ್."

"ನಿನ್ನದನ್ನ ಯಾರೂ ಹಾಡೋಕೆ ಆಗ್ತಿರಲಿಲ್ಲ. ಅದು ನಿನ್ನ ಹೆಚ್ಚುಗಾರಿಕೆ ಆಗಿತ್ತು."

"ಹೌದು ಸಾರ್" ಎಂದಳು ಮತ್ತೆ. ಮೇಷ್ಟ್ರಿಗೆ ನಿಜವಾಗಿ ನೋವಾಗಿತ್ತು. ಛತ್ರಿ ಬಿಚ್ಚುವುದನ್ನು ಮರೆತು ಬಿಸಿಲಿನಲ್ಲೇ ಹೋದರು.

ಅವರು ಹೋದ ಮೇಲೆ ಅವಳು ಬಹಳ ಹೊತ್ತು ಗಿಟಾರಿನ ಬಿರಡೆ ತಿರುಗಿಸುತ್ತ ಕೂತಿದ್ದಳು. ಹೊರಗಿನ ಒಂದು ದೊಡ್ಡ ಉತ್ಸವದವರು ಕರೆಯೋಲೆ ವಾಪಸು ಪಡೆದ ಕಾಗದವೂ ಆ ವಾರವೇ ಬಂದಿತ್ತು. ಪ್ರಾಯಶ್ಚಿತ್ತ ಎಂದು ಹೀಗೆ ಮಾಡುತ್ತಿದ್ದರೆ ಬೇಡ, ನಮ್ಮ ಋಣ ತೀರಿತು ಎಂದೆ. ಅವಳು ತಲೆಯಾಡಿಸಿದಳು. "ಪ್ರಾಯಶ್ಚಿತ್ತ ಆಗಿದ್ರೆ ಸುಲಭ ಇತ್ತು. ನನಗೆ ಇದು ಇಷ್ಟ ಆಗ್ತಿದೆ ಅಂಬುಜಾಕ್ಷಿ. ನಾಚಿಕೆ ಆಗ್ತಿರೋದು ಅದಕ್ಕೇ." ಬಿರಡೆ ಬಿಟ್ಟು ತಂತಿ ಮೀಟಿ ನೋಡಿದಳು. "ಇಪ್ಪತ್ತೈದು ವರ್ಷ ನಾನು ಯಾರಿಗೂ ಸಿಗದ ಹಾಗೆ ನುಡಿಸಿದೆ. ಸಿಕ್ಕಿದ್ರೆ ಕಮ್ಮಿ ಆಗ್ತೀನಿ ಅನ್ಕೊಂಡಿದ್ದೆ."

ಹಾಡುಗಳು ಆರಾದ ಮೇಲೆ ಕೋಣೆ ಸಾಲದಾಯಿತು. ಪುರಭವನ ಕೇಳಿದೆವು. ಪುರಸಭೆಯ ಅಧ್ಯಕ್ಷರ ಕಡೆಯಿಂದ, ಮಗಳ ಆರತಕ್ಷತೆಯ ನೆನಪು ಇನ್ನೂ ಹಸಿಯಾಗಿದೆ ಎಂಬ ಉತ್ತರ ನನ್ನ ಗಂಡನ ಅಕ್ಷರದಲ್ಲೇ ಬಂತು. ಕಾಶೀಬಾಯಿ ಹೂ ಕಟ್ಟುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಉಗ್ರಾಣದ ಬೀಗದಕೈ ಯಾರ ಮನೇಲಿದೆಯೋ."

ಆ ಗುರುವಾರ ಶಂಭುಲಿಂಗ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದ. ಅವನು ಆಫೀಸಿಗೆ ಹೊರಟ ಮೇಲೆ ತೆಗೆದುಕೊಂಡು ಹೋಗಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಂಟನೆಯ ದಿನ ಮೊಳೆಯ ಸದ್ದು ಕೇಳಿದರೂ ಅದು ಏನೆಂದು ತಿಳಿಯುವುದಿಲ್ಲ. ಆದರೆ ಕದ್ದು ತಂದ ಬೀಗದ ಕೈಯಿಂದ ತೆರೆದರೆ ಅದು ಮತ್ತೆ ಬಚ್ಚಿಟ್ಟುಕೊಳ್ಳುವ ಜಾಗವೇ ಆಗುತ್ತದೆ ಎನಿಸಿತು. ಅವನು ಮಜ್ಜಿಗೆ ಅನ್ನ ಕಲಸುತ್ತಿರುವಾಗ ಅವನ ಎದುರಿಗೇ ಮೊಳೆಯಿಂದ ಬೀಗದ ಕೈ ತೆಗೆದುಕೊಂಡೆ.

"ಇದನ್ನ ತಗೊಂಡು ಹೋಗ್ತಿದೀನಿ."

"ಎಲ್ಲಿಗೆ?"

"ಹೆಂಚಿನ ಪುಡಿ ತರೋಕೆ."

ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ನಾನು ಎಷ್ಟು ಸಲ ಆಡಿದ್ದೆನೋ. ಅವನ ಕೈ ತಟ್ಟೆಯಲ್ಲೇ ನಿಂತಿತು. ಅಷ್ಟು ವರ್ಷದ ಗುರುವಾರಗಳನ್ನೆಲ್ಲ ಅವನು ಎಣಿಸುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

"ಆ ಮಾಡು ಬೀಳುತ್ತೆ" ಎಂದ ಕೊನೆಗೆ.

"ಬೀಳೋ ಹಾಗಾದ್ರೆ ಹೊರಗೆ ಬರ್ತೀವಿ."

ನನ್ನ ಕೆಲಸ ಕಳೀತೀಯ ಎನ್ನಬಹುದಿತ್ತು. ಎದ್ದು ಕೈ ಹಿಡಿಯಬಹುದಿತ್ತು. ನಾನು ಎರಡಕ್ಕೂ ಸಿದ್ಧವಾಗಿದ್ದೆ, ಬೀಗದ ಕೈ ಅಂಗೈಗೆ ಒತ್ತಿ ಗುರುತು ಬೀಳುವಷ್ಟು ಗಟ್ಟಿಯಾಗಿ ಹಿಡಿದಿದ್ದೆ. ಅವನು ತಟ್ಟೆಯ ಕಡೆ ನೋಡಿಕೊಂಡು, "ಸಾಯಂಕಾಲದೊಳಗೆ ಮೊಳೆಗೆ ಬಂದಿರಲಿ" ಎಂದ.

ಸುದ್ದಿ ಮೊದಲೇ ಮನೆಯಿಂದ ಮನೆಗೆ ಹೋಗಿತ್ತು, ಮೂರು ಗಂಟೆಗೆ ಶುರು ಮಾಡಿದೆವು. ಜನರೇಟರು ಹೊರಗಿಟ್ಟೆವು. ಹೆಂಗಸರು ಬರುತ್ತಾ ಬರುತ್ತಾ ಇನ್ನೂರಾದರು. ತಾನು ಒಬ್ಬಳೇ ಬರುತ್ತಿದ್ದ ಜಾಗದಲ್ಲಿ ಅಷ್ಟು ಜನರನ್ನು ಕಂಡು ಒಬ್ಬೊಬ್ಬಳೂ ಬಾಗಿಲಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದಳು. ಅಧ್ಯಕ್ಷರ ಮಗಳು, ಆ ಮದುಮಗಳು, ಗಂಡನ ಮನೆಯಿಂದ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಪ್ರಮೀಳಾ ಈ ಸಲ ಬೆನ್ನು ಮಾಡಲಿಲ್ಲ. "ಉಂಡ್ಯಾ" ಹಾಡನ್ನು ಕಾಶೀಬಾಯಿ ಹೂಬುಟ್ಟಿ ಸೊಂಟಕ್ಕಿಟ್ಟುಕೊಂಡೇ ಹಾಡಿದಳು, ಮೂರನೆಯ ಪಲ್ಲವಿಗೆ ಇನ್ನೂರು ಬಾಯಿ ಸೇರಿಕೊಂಡವು. ಚಪ್ಪಾಳೆ ತಟ್ಟಬಹುದೆ ಎಂದು ಯಾರೋ ಕೇಳಿದರು. ಇಲ್ಲಿ ಮುಂದಿನ ವಾರ ಯಾರ ಭಾಷಣವೂ ಇಲ್ಲ ಎಂದಳು ಪ್ರಮೀಳಾ. ಚಪ್ಪಾಳೆ ತಟ್ಟುವ ಅಭ್ಯಾಸವೇ ಇಲ್ಲದ ಕೈಗಳು, ಒಂದಕ್ಕೊಂದು ಸೇರದೆ ರೊಟ್ಟಿ ತಟ್ಟುವ ಹಾಗೆ ಸದ್ದಾಯಿತು. ಕೊನೆಯಲ್ಲಿ ಹೆಸರಿನ ಹಾಡು. ಎಲ್ಲರ ಹೆಸರೂ ಆಯಿತು, ನಾನು ಡ್ರಮ್ಮಿನ ಹಿಂದೆ ಬೆವರುತ್ತಿದ್ದೆ. ಆಗ ಪ್ರಮೀಳಾ ನನ್ನ ಕಡೆ ತಿರುಗಿ, ತುಂಡು ಮಾಡದೆ, ತಿರುಚದೆ, ನನ್ನ ತಾಯಿ ಇಟ್ಟ ಹಾಗೆ ಕರೆದಳು: "ಅಂಬುಜಾಕ್ಷಿ." ಇನ್ನೂರು ಹೆಂಗಸರು "ಓ" ಎಂದರು. ತಗಡಲ್ಲ, ಹೆಂಚಿನ ಮಾಡು ಅದು. ಒಂದು ಹೆಂಚೂ ಬೀಳಲಿಲ್ಲ.

ಬೀಗದ ಕೈ ಸಾಯಂಕಾಲದೊಳಗೆ ಮೊಳೆಗೆ ಬಂತು. ಮನೆಯಲ್ಲಿ ಆ ವಾರ ಅದರ ಮಾತೇ ಏಳಲಿಲ್ಲ.

ಮುಂದಿನ ಗುರುವಾರ ನಮ್ಮ ಹಾಡು ಹೊರಗಿನಿಂದ ಕೇಳಿದರೆ ಹೇಗಿರುತ್ತದೆ ಎಂದು ನೋಡಲು ಉಗ್ರಾಣಕ್ಕೆ ಹೋದೆ. ಬೀಗ ಹಾಕಿರುತ್ತದೆ, ಬಾಗಿಲಿಗೆ ಕಿವಿಯಿಟ್ಟರಾಯಿತು ಎಂದುಕೊಂಡಿದ್ದೆ. ಬಾಗಿಲು ತೆರೆದಿತ್ತು. ಒಳಗೆ, ಒಡೆದ ಹೆಂಚಿನ ರಾಶಿಗಳ ನಡುವೆ, ನನ್ನ ಗಂಡ ಒಬ್ಬನೇ ನಿಂತಿದ್ದ. ಕಂಕುಳಲ್ಲಿ ಆಫೀಸಿನ ಫೈಲು. ಅವನ ಸುತ್ತ ಖಾಲಿ ಉಗ್ರಾಣ ಹಾಡುತ್ತಿತ್ತು. ಕಾಶೀಬಾಯಿಯ ದನಿ "ಉಂಡ್ಯಾ ಅಂತ ಒಬ್ಬರೂ ಕೇಳಲಿಲ್ಲ" ಎಂದಿತು, ಅವನು ಕನ್ನಡಕ ತೆಗೆದು ಒರೆಸಿಕೊಂಡ. ಚಪ್ಪಾಳೆ ಅವನೊಬ್ಬನ ಮೇಲೆ ಬಂದು ಬಿದ್ದಾಗ ಗಾಬರಿಯಾಗಿ ಫೈಲನ್ನು ಎದೆಗೆ ಹಿಡಿದ. ಹೆಸರುಗಳು ಶುರುವಾದವು. ನನ್ನದು ಬಂತು. ಇನ್ನೂರು "ಓ" ಎದ್ದವು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ತನಗೆ ಸೇರಿದ ಒಂದು ಕರೆಗೆ ಊರೆಲ್ಲ ಓಗೊಟ್ಟುಬಿಟ್ಟರೆ ಯಾರು ಹೇಗೆ ನೋಡುತ್ತಾರೋ ಹಾಗೆ. ನಾನು ಬಾಗಿಲಿಂದಲೇ ಹಿಂದಿರುಗಿದೆ.

ಅವನು ಐದು ಗಂಟೆಗೆ ಮನೆಗೆ ಬಂದ. ಚಪ್ಪಲಿ ಬಿಟ್ಟು ನಡುಮನೆಯಲ್ಲಿ ಕೂತ. ನಾನು ಹಿತ್ತಿಲಿಗೆ ಹೋಗಿ ಒಣಗಿದ ಬಟ್ಟೆ ತೆಗೆದುಕೊಂಡು, ಮಡಚಿಕೊಂಡು ಬಂದೆ.

"ಡ್ರಮ್ಮು ನೀನಾ ಹೊಡೆದಿದ್ದು?" ಎಂದ.

"ಹೂಂ."

"ಎಲ್ಲೂ ತಪ್ಪಿಲ್ಲ." ಆಮೇಲೆ, "ಉಗ್ರಾಣದ ಬೀಗ ತುಕ್ಕು ಹಿಡಿದು ಕೆಲಸಕ್ಕೆ ಬಾರದು ಅಂತ ಬರೆದಿದೀನಿ. ಹೊಸದು ಮಂಜೂರಾಗೋಕೆ ವರ್ಷಗಟ್ಟಲೆ ಆಗುತ್ತೆ" ಎಂದು ಪೇಪರ್ ಬಿಡಿಸಿದ.

ಈಗ ಆ ಹಾಡುಗಳು ಊರಿನ ಬಾವಿಕಟ್ಟೆ, ಬಸ್ ಸ್ಟ್ಯಾಂಡು ಎಲ್ಲ ಕಡೆ ಇವೆ. ಎಂಟನೆಯ ದಿನಕ್ಕೆ ಯಾರೂ ಕಾಯುವುದಿಲ್ಲ, ಬೇಕಾದಾಗ ಹಾಡಿಕೊಳ್ಳುತ್ತಾರೆ. ಪ್ರಮೀಳಾಳ ಹೆಸರು ದೊಡ್ಡ ಊರಿನ ಪತ್ರಿಕೆಗಳಲ್ಲಿ ಬರುವುದು ನಿಂತಿದೆ. ಹಾಡಿನ ಮಧ್ಯೆ ಒಮ್ಮೊಮ್ಮೆ ಅವಳು ಸೈಕಲ್ಲಿನ ಕಡ್ಡಿಗೆ ಕಮಾನು ತಾಗಿಸಿ ಕರ್ರೆನಿಸುತ್ತಾಳೆ. ಆಗ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕಣ್ಣು ತೆರೆಯುತ್ತಾರೆ.

ನಾನು ಹೇಳಬೇಕಾದದ್ದು ಶಂಭುಲಿಂಗ ಉಗ್ರಾಣಕ್ಕೆ ಹೋಗಿದ್ದರ ಮುಂದಿನ ಗುರುವಾರದ ಸಂಗತಿ. ಐದು ಗಂಟೆ. ನಡುಮನೆಯಲ್ಲಿ ಯಂತ್ರದ ಮುಂದೆ ಕೂತಿದ್ದೆ, ಒಬ್ಬಳೇ. ಹೋದ ವಾರದ ಚಪ್ಪಲಿ ಬಿಟ್ಟ ಸದ್ದು ಬಂತು. ಕುರ್ಚಿ ಕಿರುಗುಟ್ಟಿತು. ನಾನು ಹಿತ್ತಿಲ ಬಾಗಿಲು ತೆಗೆದು ಹೊರಗೆ ಹೋದದ್ದು ಕೇಳಿಸಿತು. ಆಮೇಲೆ ಮನೆ ಖಾಲಿಯಾದ ಮೌನ. ಅದರೊಳಗೆ ಒಂದು ಕೆಮ್ಮು. ಆಮೇಲೆ ಗಂಡಸಿನ ದನಿ, ಬಹಳ ತಗ್ಗಿ, ಹೊಸ ಪಾಠ ಓದುವವನ ಹಾಗೆ: "ಅಂಬುಜ..." ನಿಂತಿತು. ಮತ್ತೆ, "ಅಂಬುಜಾಕ್ಷಿ." ಯಾರೂ ಓಗೊಡಲಿಲ್ಲ. ನಾನು ಬಟ್ಟೆ ಹೊತ್ತು ಒಳಗೆ ಬಂದ ಸದ್ದಾಯಿತು. "ಡ್ರಮ್ಮು ನೀನಾ ಹೊಡೆದಿದ್ದು?" ಎಂದು ಅವನು ಕೇಳಿದ.

ನನ್ನ ಕಾಲು ನಿಂತುಹೋಗಿತ್ತು. ಓ ಎನ್ನುವುದು ಗಂಟಲವರೆಗೆ ಬಂದಿತ್ತು. ನುಂಗಿಕೊಂಡೆ. ಖಾಲಿ ಕೋಣೆಗೆ ಹೇಳುವುದರ ಸುಲಭ ನನಗೆ ಗೊತ್ತು, ನಾನೂ ಅಲ್ಲಿಂದಲೇ ಶುರು ಮಾಡಿದವಳು. ಅಲ್ಲೇ ನಿಂತಿದ್ದರೆ ಏನಾಗುತ್ತಿತ್ತು ಎಂಬುದೂ ಗೊತ್ತು.

ಆ ಸಂಜೆ ಅವನು ಬಂದು ಬಾಗಿಲಲ್ಲಿ ನಿಂತು, "ಇವಳೇ, ಒಂದು ಲೋಟ ನೀರು" ಎಂದ. ನಾನು ಹೊಲಿಯುತ್ತಿದ್ದೆ, ತಿರುಗಲಿಲ್ಲ. "ಇವಳೇ" ಎಂದ ಇನ್ನೊಂದು ಸಲ. ಸೂಜಿ ಓಡುತ್ತಿತ್ತು. ನನ್ನ ಬೆನ್ನ ಹಿಂದೆ ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಕಾಲು ನಿಲ್ಲಿಸಲಿಲ್ಲ. ತಾಳವನ್ನು ಸ್ವಲ್ಪ ನಿಧಾನ ಮಾಡಿದೆ, ಒಳಗೆ ಬರುವವರಿಗೆ ಜಾಗವಾಗುವಷ್ಟು.